ಶಾಲೆಗೆ ಬಣ್ಣ ಬಳಿಸುವ ಮುಂಚೆ ಒಂದು ಸಭೆಯಲ್ಲಿ ಕೂತು ಬನ್ನಿ

ಎರಡು ವರ್ಷದ ಹಿಂದೆ ನಾವು ಹಳೆ ವಿದ್ಯಾರ್ಥಿಗಳೆಲ್ಲ ದುಡ್ಡು ಹಾಕಿ ನಮ್ಮೂರ ಸರ್ಕಾರಿ ಶಾಲೆಗೆ ಬಣ್ಣ ಬಳಿಸಿದೆವು. ಗೋಡೆ ಮೇಲೆ ರೈಲು ಬರೆಸಿದೆವು. ಎಲ್ಲರಿಗೂ ಖುಷಿ. ಹೊರಡುವಾಗ ಟೀಚರ್ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ತುಂಬಾ ಚೆನ್ನಾಗಿದೆ ಸರ್. ಆದ್ರೆ ನಾನು ಮೀಟಿಂಗ್ ಅಂತ ಹೋದ ದಿನ ಈ ಮಕ್ಕಳನ್ನ ನೋಡ್ಕೊಳ್ಳೋರು ಯಾರೂ ಇಲ್ಲ."

ಒಂದರಿಂದ ಐದನೇ ತರಗತಿ. 31 ಮಕ್ಕಳು. ಅವರೊಬ್ಬರೇ ಟೀಚರ್. 60 ಮಕ್ಕಳವರೆಗಿನ ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರಿರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಆಮೇಲೆ ಒಂದು ದಿನ ಅವರ ನಲಿಕಲಿ (ಆಡುತ್ತಾ ನಲಿಯುತ್ತಾ ಕಲಿಯುವ ವಿಧಾನ) ತರಗತಿಯಲ್ಲಿ ಸುಮ್ನೆ ಕೂತಿದ್ದೆ. ನಾವು ಕಲಿತಿದ್ದು ಅ ಆ ಇ ಈ. ಇಲ್ಲಿ ಮಕ್ಕಳು ಶುರು ಮಾಡುವುದು ರ, ಗ, ಸ, ದ, ಅ ಅಂತ. ಯಾಕೆ ಅಂದರೆ ಈ ಐದೇ ಅಕ್ಷರ ಬಂದರೆ ಸಾಕು, ಮಗು ಸರ, ಅರಸ, ಅಗಸ, ಗರಗಸ ಅಂತ ಓದಿಬಿಡುತ್ತದೆ! ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತುತ್ತಾರೆ. ನಾಲ್ಕು ದಿನ ಜ್ವರ ಬಂದು ಮಲಗಿದ್ದ ಮಗು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಇದು ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವು ಕೊಟ್ಟಿತು. ಇವರು ಕೂತು ನಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಕಾರ್ಡು, ಹಾಡು, ಆಟ ಎಲ್ಲ ಮಾಡಿದರು. 2009ರ ಹೊತ್ತಿಗೆ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಸರ್ಕಾರಿ ಮೇಷ್ಟ್ರುಗಳಿಗೆ ಏನೂ ಬರಲ್ಲ ಅನ್ನುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ. ಆದರೆ ನಲಿಕಲಿಗೆ ಮಕ್ಕಳ ಜೊತೆ ನೆಲದ ಮೇಲೆ ಕೂರುವ ಒಬ್ಬ ಟೀಚರ್ ಬೇಕೇ ಬೇಕು. ಆ ಒಬ್ಬರೇ ನಾಲ್ಕು, ಐದನೇ ತರಗತಿಯನ್ನೂ ನೋಡಬೇಕು, ಮಕ್ಕಳಿಗೆ ಕೊಡುವ ಮೊಟ್ಟೆ ಲೆಕ್ಕವನ್ನೂ ಬರೆಯಬೇಕು ಅಂದರೆ ಕಾರ್ಡುಗಳು ಡಬ್ಬದಲ್ಲೇ ಉಳಿಯುತ್ತವೆ.

(ಮೊಟ್ಟೆ ಬೇಡ ಅಂತ ನಾನು ಹೇಳುತ್ತಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1500 ಕೋಟಿ ಕೊಡಲು ಒಪ್ಪಿದ್ದರಿಂದ ವಾರಕ್ಕೆ ಎರಡು ದಿನವಿದ್ದ ಮೊಟ್ಟೆ ಆರು ದಿನವಾಯಿತು. ದಾನದ ದುಡ್ಡು ಮಗುವಿನ ಹೊಟ್ಟೆ ಸೇರಿದ ಇಂಥ ಕೆಲಸಕ್ಕೆ ಕೈ ಮುಗಿಯಬೇಕು.)

ಟೀಚರ್ ಬೇಕು ಅಂತ ಕೇಳುವವರು ಯಾರು? ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಸಲಹೆ ಕೊಟ್ಟ ಮೇಲೆ 2001ರಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಈ ಸಮಿತಿ ಬಂತು. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅನ್ನುತ್ತದೆ ಅದೇ ಶಿಕ್ಷಣ ಹಕ್ಕು ಕಾಯ್ದೆ. ಶಾಲೆಗೆ ಏನು ಬೇಕು ಅಂತ ಯೋಜನೆ ಬರೆಯುವ ಅಧಿಕಾರವೂ ಅದಕ್ಕಿದೆ.

ನಮ್ಮೂರಲ್ಲಿ ಆ ಸಭೆ ಬೆಳಿಗ್ಗೆ 11ಕ್ಕೆ ನಡೆಯುತ್ತಿತ್ತು. ಬಂದರೆ ಸಮಿತಿಯಲ್ಲಿರುವ ತಾಯಂದಿರ ದಿನದ ಕೂಲಿ ಹೋಗುತ್ತದೆ. ಹಾಗಾಗಿ ಸಭೆಯ ನಡಾವಳಿ ಪುಸ್ತಕವೇ ಅವರ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು. ಟೀಚರೇ ಮನಸ್ಸು ಮಾಡಿ ಸಭೆಯನ್ನು ಸಂಜೆಗೆ ಹಾಕಿದರು. ಮೊದಲ ಸಲ ಒಂಬತ್ತು ಜನ ತಾಯಂದಿರು ಬಂದರು. ಅವರು ಹೇಳಿದ್ದನ್ನು ನಾವಿಬ್ಬರು ಕೂತು ಮನವಿಯಾಗಿ ಬರೆದುಕೊಟ್ಟೆವು, ಅಷ್ಟೇ. ಕಚೇರಿಗೆ ಹೋಗಿ ನಿಂತವರು ಅವರೇ, ಮೂರು ಸಲ. ಐದು ತಿಂಗಳ ಮೇಲೆ ಒಬ್ಬರು ಅತಿಥಿ ಶಿಕ್ಷಕಿ ಬಂದರು. ಖಾಯಂ ಹುದ್ದೆ ಇನ್ನೂ ಖಾಲಿ ಇದೆ. ಅದಕ್ಕೂ ಅರ್ಜಿ ಹೋಗಿದೆ.

ಊರಿನ ಶಾಲೆಗೆ ಏನಾದರೂ ಮಾಡೋಣ ಅಂತ ನನಗೆ ಫೋನ್ ಮಾಡುವ ಗೆಳೆಯರೇ, ಈ ಸಲ ಹಬ್ಬಕ್ಕೆ ಹೋದಾಗ ಎಸ್‌ಡಿಎಂಸಿಯ ನಡಾವಳಿ ಪುಸ್ತಕ ತೋರಿಸಿ ಅಂತ ಕೇಳಿ. ಕೊನೆಯ ಸಭೆ ಯಾವತ್ತು, ಎಷ್ಟು ಗಂಟೆಗೆ ನಡೆದಿದೆ, ನೋಡಿ ಬನ್ನಿ. ದುಡ್ಡಿನ ಮಾತು ಆಮೇಲೆ ಆಡೋಣ.