ಉತ್ತರ ಬರುತ್ತೆ, ಸ್ವಲ್ಪ ಕಾಯಿರಿ

ಜಿರಾಫೆಯ ಕುತ್ತಿಗೆಯಲ್ಲಿ ಎಷ್ಟು ಮೂಳೆ ಇವೆ ಎಂದು ತಿಳಿದುಕೊಂಡ ಕಾರಣಕ್ಕೆ ಯಾರಿಗೂ ಬಡ್ತಿ ಸಿಕ್ಕಿದ್ದು ನಾನು ಕಂಡಿಲ್ಲ. ಅದರಿಂದ ಸಾಲ ತೀರುವುದಿಲ್ಲ, ಬೆನ್ನುನೋವೂ ವಾಸಿಯಾಗುವುದಿಲ್ಲ. ಆದರೆ ಆ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕಿತೋ, ಮುಗಿಯಿತು. ಉತ್ತರ ಸಿಗುವ ತನಕ ನಿದ್ದೆ ಹತ್ತಿರ ಸುಳಿಯುವುದಿಲ್ಲ. (ಏಳು. ನಮ್ಮ ಕುತ್ತಿಗೆಯಲ್ಲೂ ಏಳೇ. ನಿಮ್ಮ ನಿದ್ದೆ ಕೆಡಿಸಿದ ಪಾಪ ನನಗೆ ಬೇಡ ಅಂತ ಈಗಲೇ ಹೇಳಿಬಿಟ್ಟೆ.)

ಇಂಥ ನಿದ್ದೆಗೆಟ್ಟವರಿಗೆ ಅಂತಲೇ ಒಂದು ಕಾಲದಲ್ಲಿ ಮೆಸೇಜ್ ಸೇವೆಗಳಿದ್ದವು. ಫೋನಿನಲ್ಲಿ ಇಂಟರ್‌ನೆಟ್ ಇರಲಿಲ್ಲ, ಇದ್ದರೂ ಅದು ತೆರೆದುಕೊಳ್ಳುವಷ್ಟರಲ್ಲಿ ಪ್ರಶ್ನೆಯೇ ಮರೆತುಹೋಗುತ್ತಿತ್ತು. ಒಂದು ಚಿಕ್ಕ ನಂಬರಿಗೆ ನಿಮ್ಮ ಪ್ರಶ್ನೆ ಕಳಿಸಬೇಕು. ಒಂದೆರಡು ನಿಮಿಷದಲ್ಲಿ ಉತ್ತರ ಬರುತ್ತದೆ. ಪ್ರಶ್ನೆ ಏನಾದರೂ ಇರಲಿ. ಬ್ರಿಟನ್ನಿನಲ್ಲಿ 2004ರಲ್ಲಿ 63336 ಎಂಬ ನಂಬರಿನ ಎಕ್ಯೂಎ (ಎನಿ ಕ್ವೆಶ್ಚನ್ ಆನ್ಸರ್ಡ್, ಅಂದರೆ ಯಾವ ಪ್ರಶ್ನೆಗೂ ಉತ್ತರ) ಶುರುವಾಯಿತು. ಅಮೆರಿಕದಲ್ಲಿ 2008ರಿಂದ ಚಾಚಾ ಎಂಬ ಸೇವೆ ಮೆಸೇಜಿಗೆ ಉತ್ತರಿಸತೊಡಗಿತು. ಅದರ ನಂಬರ್ 242242. ಹಳೇ ಕೀಪ್ಯಾಡ್ ನೆನಪಿದ್ದರೆ ಒತ್ತಿ ನೋಡಿ, ಅದು ಚಾಚಾ ಅಂತಲೇ ಆಗುತ್ತದೆ. ನಮಗೆ ಸಿಕ್ಕಿದ್ದು ಇದೇ ಜಾತಿಯ ಬೇರೊಂದು. ಅದರ ಹೆಸರು ಬೇಡ, ಮುಂದೆ ಅದರ ಮೇಲೆ ಒಂದೆರಡು ದೂರು ಹೇಳುವುದಿದೆ.

ಈ ಸೇವೆಗಳ ದೊಡ್ಡ ಮಜಾ ಏನು ಗೊತ್ತಾ? ಆ ಕಡೆ ಕೂತು ಉತ್ತರ ಹುಡುಕುತ್ತಿದ್ದದ್ದು ಮನುಷ್ಯರು. ಎಲ್ಲೋ ಒಂದು ಮನೆಯಲ್ಲಿ ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು, ಪುಡಿಗಾಸಿನ ಕೂಲಿಗೆ, "ಪೆಂಗ್ವಿನ್‌ಗೆ ಮೊಣಕಾಲು ಇದೆಯಾ?" ಎಂದು ಅಪರಿಚಿತನೊಬ್ಬ ಕೇಳಿದ್ದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದರು. ಇದೆಯಂತೆ. ಗರಿಗಳ ಒಳಗೆ ಮುಚ್ಚಿಹೋಗಿರುವುದರಿಂದ ಕಾಣುವುದಿಲ್ಲ. ನನ್ನ ಸ್ವಂತ ಮನೆಯಲ್ಲಿ ಕನ್ನಡಕ ಎಲ್ಲಿದೆ ಅಂತ ಕೇಳಿದರೂ ಇಷ್ಟು ವಿನಯದ ಉತ್ತರ ಸಿಗುವುದಿಲ್ಲ.

ನಮ್ಮ ಮನೆಗೆ ಈ ಸೇವೆ ಅಗತ್ಯವಾಗಿದ್ದು ಭಾವನಿಂದ. ಭಾವ ಅಂದರೆ ಅಕ್ಕನ ಗಂಡ. ಒಳ್ಳೆಯವರು. ಆದರೆ ಪ್ರಪಂಚದ ಸಕಲ ವಿಷಯಗಳ ಬಗ್ಗೆಯೂ ಅವರಿಗೆ ಒಂದೇ ಆಧಾರ: "ಎಲ್ಲೋ ಓದಿದ್ದೆ." ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ, ಎಲ್ಲೋ ಓದಿದ್ದೆ. ಬಾವಲಿಗೆ ಕಣ್ಣು ಕಾಣುವುದಿಲ್ಲ, ಎಲ್ಲೋ ಓದಿದ್ದೆ. ಈ "ಎಲ್ಲೋ" ಎಂಬ ಗ್ರಂಥವನ್ನು ಎದುರಿಸಿ ಗೆದ್ದವರು ಯಾರೂ ಇಲ್ಲ. ಅದರ ಪ್ರತಿ ನಮ್ಮ ಹತ್ತಿರ ಇರುವುದಿಲ್ಲವಲ್ಲ!

ಹಾಗಾಗಿ ನಾನು ಫೋನ್ ತೆಗೆದೆ. ಗೋಡೆ ಚಂದ್ರನಿಂದ ಬರಿಗಣ್ಣಿಗೆ ಕಾಣುವುದಿಲ್ಲ ಅಂತ ಉತ್ತರ ಬಂತು. ಬಾವಲಿಗೆ ಕಣ್ಣು ಕಾಣುತ್ತದೆ ಅಂತಲೂ ಬಂತು. ಭಾವ ಸ್ವಲ್ಪ ಕುಗ್ಗಿದರು. ಮಾರನೇ ದಿನ ಗೋಲ್ಡ್‌ಫಿಶ್ ಸರದಿ. ಅದರ ನೆನಪು ಮೂರೇ ಸೆಕೆಂಡು ಅಂತ ಅವರ ವಾದ. ಹಾಗಲ್ಲ, ಕಲಿಸಿದ್ದನ್ನು ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ ಅಂತ ಉತ್ತರ. ಭಾವ ಮೆಸೇಜನ್ನು ಎರಡು ಸಲ ಓದಿದರು. ಆಮೇಲೆ ಫೋನ್ ವಾಪಸ್ ಕೊಡುತ್ತಾ ಹೇಳಿದರು: "ನೋಡಪ್ಪ, ಅದು ಅವರ ಮನೆ ಮೀನಿನ ವಿಷಯ ಇರಬೇಕು."

ಆದರೆ ನಿಜ ಹೇಳಬೇಕೆಂದರೆ, ಸುಖ ಇದ್ದದ್ದು ಉತ್ತರದಲ್ಲಿ ಅಲ್ಲ. ಪ್ರಶ್ನೆ ಕಳಿಸಿದ ಮೇಲೆ ಉತ್ತರ ಬರುವ ತನಕದ ಆ ಒಂದೆರಡು ನಿಮಿಷದಲ್ಲಿ. ಆಗ ಎಲ್ಲರೂ ಸರಿ, ಯಾರೂ ತಪ್ಪಲ್ಲ. ಎಲ್ಲರ ಕಣ್ಣೂ ಮೇಜಿನ ಮೇಲಿನ ಫೋನಿನ ಮೇಲೆ. ಆ ಗಡುವಿನಲ್ಲಿ ಜನ ಪಣ ಕಟ್ಟುತ್ತಿದ್ದರು, ಪಕ್ಷ ಬದಲಿಸುತ್ತಿದ್ದರು, "ನಾನು ಹಾಗೆ ಹೇಳಲೇ ಇಲ್ಲ" ಅಂತ ಈಗಲೇ ಜಾಮೀನು ತೆಗೆದುಕೊಳ್ಳುತ್ತಿದ್ದರು. ಅಕ್ಕ ಯಾವಾಗಲೂ ಕೊನೇ ಗಳಿಗೆಯಲ್ಲಿ ಭಾವನ ವಿರುದ್ಧ ಹೋಗುತ್ತಿದ್ದಳು. ವಿಷಯ ಯಾವುದಾದರೂ ಸರಿ. ಅವಳ ಲೆಕ್ಕ ಹೆಚ್ಚು ತಪ್ಪಿದ್ದಿಲ್ಲ.

ಇಂಥ ವಾದದಿಂದ ದೊಡ್ಡ ಕೆಲಸಗಳೂ ಆಗಿವೆ, ಮನೆಯವರು ನಂಬುವುದಿಲ್ಲ ಅಷ್ಟೆ. 1951ರಲ್ಲಿ ಐರ್ಲೆಂಡಿನಲ್ಲಿ ಬೇಟೆಗೆ ಹೋಗಿದ್ದ ಹ್ಯೂ ಬೀವರ್ ಎಂಬ ಸಾಹೇಬರಿಗೂ ಅವರ ಜೊತೆಗಾರರಿಗೂ ಒಂದು ಜಗಳ ಹತ್ತಿತು. ಯುರೋಪಿನಲ್ಲಿ ಅತಿ ವೇಗವಾಗಿ ಹಾರುವ ಬೇಟೆಯ ಹಕ್ಕಿ ಯಾವುದು? ಯಾವ ಪುಸ್ತಕದಲ್ಲೂ ಸರಿಯಾದ ಉತ್ತರ ಸಿಗಲಿಲ್ಲ. ಆತ ಗಿನ್ನೆಸ್ ಬಿಯರ್ ಕಂಪನಿಯ ಮುಖ್ಯಸ್ಥ. ಬಿಯರ್ ಕುಡಿಯುವ ಜಾಗದಲ್ಲಿ ಇಂಥ ಜಗಳ ದಿನಾ ನಡೆಯುತ್ತವಲ್ಲ, ಅದಕ್ಕೊಂದು ಪುಸ್ತಕ ಇರಲಿ ಅಂತ ಹೊಳೆಯಿತು. 1955ರಲ್ಲಿ ಗಿನ್ನೆಸ್ ದಾಖಲೆಗಳ ಪುಸ್ತಕ ಬಂತು. ಭಾವನಿಗೆ ಈ ಕಥೆ ಹೇಳಿದೆ. ಅದನ್ನೂ ಎಲ್ಲೋ ಓದಿದ್ದರಂತೆ.

ಇನ್ನು ದೂರಿನ ಪಟ್ಟಿ.

ಮೊದಲನೆಯದು, ಜಾಗದ್ದು. ಒಂದು ಮೆಸೇಜಿನಲ್ಲಿ ಹಿಡಿಯುವುದು 160 ಇಂಗ್ಲಿಷ್ ಅಕ್ಷರ. ಈ ಲೆಕ್ಕ ಹಾಕಿದವರು ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್. 1985ರ ಹೊತ್ತಿಗೆ ಅವರು ಟೈಪ್‌ರೈಟರ್ ಮುಂದೆ ಕೂತು ಮನಸ್ಸಿಗೆ ಬಂದ ವಾಕ್ಯಗಳನ್ನು ಬರೆದು ಅಕ್ಷರ ಎಣಿಸಿದರಂತೆ. ಹೆಚ್ಚುಕಮ್ಮಿ ಎಲ್ಲವೂ 160ರ ಒಳಗೇ ಮುಗಿದವು. ಸಾಕು ಅಂದುಕೊಂಡರು. ಅವರಿಗೆ ನಮ್ಮ ಭಾವನ ಪರಿಚಯ ಇರಲಿಲ್ಲ. ಕನ್ನಡದಲ್ಲಿ ಬರೆದರಂತೂ ಇನ್ನೂ ಕಷ್ಟ, 70ಕ್ಕೇ ಗೇಟು ಮುಚ್ಚುತ್ತದೆ. ಅದರಲ್ಲೂ ಕೊಂಬು, ಒತ್ತು, ದೀರ್ಘ ಎಲ್ಲದಕ್ಕೂ ಬೇರೆ ಬೇರೆ ಲೆಕ್ಕ. "ಪ್ರಶ್ನೆ" ನಮ್ಮ ಕಣ್ಣಿಗೆ ಎರಡಕ್ಷರ, ಫೋನಿನ ಲೆಕ್ಕದಲ್ಲಿ ಏಳು! ಬರೀ "ಒಂದು ಪ್ರಶ್ನೆ ಕೇಳಬಹುದಾ" ಅನ್ನುವಷ್ಟರಲ್ಲಿ ಕಾಲು ಭಾಗ ಖಾಲಿ.

ಹೀಗಾಗಿ ಮನೆಯವರೆಲ್ಲ ಮಾತು ಕತ್ತರಿಸುವುದನ್ನು ಕಲಿತರು. ಭಾವ ಅತಿಯಾಗಿ ಕಲಿತರು. ಒಂದು ದಿನ ಅವರ ಕತ್ತು ಹಿಡಿದುಕೊಂಡಿತ್ತು. ಮನುಷ್ಯನ ತಲೆ ಎಷ್ಟು ಭಾರ, ಕುತ್ತಿಗೆ ಅದನ್ನು ಹೇಗೆ ಹೊರುತ್ತದೆ ಅಂತ ಕೇಳುವ ಆಸೆ. ಕಳಿಸಿದ್ದು ಮಾತ್ರ: "ತಲೆ ಭಾರ ಕತ್ತು ಹೇಗೆ". ಉತ್ತರ ಕೂಡಲೇ ಬಂತು: "ದಿಂಬು ಬದಲಿಸಿ ನೋಡಿ. ಕೇಳಿದ್ದಕ್ಕೆ ಧನ್ಯವಾದ!" ಭಾವ ದಿಂಬು ಬದಲಿಸಿದರು. ಕತ್ತು ಸರಿಹೋಯಿತು. ಅಂದಿನಿಂದ ಅವರಿಗೆ ಆ ಸೇವೆಯ ಮೇಲೆ ಡಾಕ್ಟರಿಗಿಂತ ಜಾಸ್ತಿ ಭಕ್ತಿ.

ಎರಡನೇ ದೂರು ಗಂಭೀರವಾದದ್ದು. ಮೆಸೇಜ್ ಅನ್ನುವುದು ಫೋನ್ ಕರೆಯಂತೆ ನೇರವಾಗಿ ಬರುವುದಿಲ್ಲ. ನಡುವೆ ಒಂದು ಕೇಂದ್ರದಲ್ಲಿ ತಂಗುತ್ತದೆ. ನಮ್ಮ ಫೋನಿಗೆ ಸಿಗ್ನಲ್ ಇದ್ದರೆ ಮುಂದೆ ಹೊರಡುತ್ತದೆ, ಇಲ್ಲದಿದ್ದರೆ ಅಲ್ಲೇ ಕೂತಿರುತ್ತದೆ. ಉದ್ದದ ಉತ್ತರ ಎರಡು ತುಂಡಾಗಿ ಹೊರಟರೆ ಮೊದಲನೆಯದೇ ಮೊದಲು ಮನೆ ತಲುಪಬೇಕೆಂಬ ನಿಯಮವೇನೂ ಇಲ್ಲ.

ಆಗ ನಾನು ಒಂದು ಕೆಲಸ ಬಿಟ್ಟು ಇನ್ನೊಂದು ಹುಡುಕುತ್ತಿದ್ದೆ. ಮನೆ ನಡೆಯುತ್ತಿದ್ದದ್ದು ಹೆಂಡತಿಯ ಸಂಬಳದಲ್ಲಿ. ನಮ್ಮ ಮಾವ, ಅಂದರೆ ಅವಳ ತಂದೆ, ಮನೆಗೆ ಬಂದಿದ್ದರು. ಕೆಲಸದ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ಟಿವಿಯಲ್ಲಿ ಸಮುದ್ರದ ಜೀವಿಗಳನ್ನು ನೋಡುತ್ತಾ ಕೂತಿದ್ದೆವು. ಆಳ ಸಮುದ್ರದ ಆಂಗ್ಲರ್ ಮೀನು ಬಂತು, ತಲೆಯ ಮೇಲೆ ದೀಪ ಇಟ್ಟುಕೊಂಡಿರುತ್ತದಲ್ಲ, ಅದು. ದೀಪ ಇರುವುದು ಹೆಣ್ಣಿಗೆ ಮಾತ್ರ ಅಂತ ಟಿವಿಯಲ್ಲಿ ಹೇಳಿದರು. ಹಾಗಾದರೆ ಗಂಡು ಏನು ಮಾಡುತ್ತೆ ಅಂತ ಕುತೂಹಲ ಹುಟ್ಟಿ ಮೆಸೇಜ್ ಕಳಿಸಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಮಾವ ನನ್ನ ಫೋನ್ ಹಿಡಿದುಕೊಂಡು ನಿಂತಿದ್ದರು.

"ಅಳಿಯಂದಿರೇ, ಟಣ್ ಅಂತು, ನೋಡಿದೆ. ಯಾರೋ ನಿಮ್ಮ ಬಗ್ಗೆ ಬರೆದಿದ್ದಾರೆ."

ಬಂದಿದ್ದು ಎರಡನೇ ತುಂಡು. ಅದರಲ್ಲಿ ಹೀಗಿತ್ತು: "ಆಮೇಲೆ ಗಂಡು ಅವಳನ್ನು ಬಿಟ್ಟು ಹೋಗುವುದೇ ಇಲ್ಲ. ಸ್ವಂತ ದುಡಿಮೆ ಇಲ್ಲ, ಊಟಕ್ಕೂ ಅವಳೇ ಆಧಾರ. ಅವಳ ರಕ್ತದಲ್ಲೇ ಬದುಕು. ಬರಬರುತ್ತಾ ಕಣ್ಣೂ ಹೋಗುತ್ತದೆ. ಕೇಳಿದ್ದಕ್ಕೆ ಧನ್ಯವಾದ!"

ಇದು ಮೀನು ಮಾವ, ಅಂದೆ. ಅವರು ತಲೆ ಅಲ್ಲಾಡಿಸಿದರು. ಯಾವ ದಿಕ್ಕಿಗೆ ಅಲ್ಲಾಡಿಸಿದರು ಅಂತ ಇಂದಿಗೂ ಖಾತ್ರಿ ಇಲ್ಲ. ಟಿವಿ ಕಡೆ ಕೈ ತೋರಿಸಿದೆ, ಅಷ್ಟರಲ್ಲಿ ಅಲ್ಲಿ ಸೋಪಿನ ಜಾಹೀರಾತು ಬಂದಿತ್ತು. "ಆಳ ಸಮುದ್ರದ ಕೆಲವು ಜಾತಿಯ ಮೀನುಗಳಲ್ಲಿ ಗಂಡು ತೀರಾ ಚಿಕ್ಕದು, ಹೆಣ್ಣನ್ನು ಕಚ್ಚಿ ಅಂಟಿಕೊಳ್ಳುತ್ತದೆ" ಎಂಬ ಮೊದಲನೇ ತುಂಡು ಬಂದಿದ್ದು ಮಾವ ಊರಿಗೆ ಹೊರಟು ಬಸ್ ಹತ್ತಿದ ಮೇಲೆ. ಅದನ್ನು ಹಾಗೇ ಅವರಿಗೆ ಕಳಿಸಿದೆ. ವಾಪಸ್ ಬಂದ ಉತ್ತರ: "ಸರಿ." ಆ "ಸರಿ"ಯಲ್ಲಿ ಏನೆಲ್ಲ ಇತ್ತು ಅಂತ ಕೇಳಲು ಯಾವ ನಂಬರೂ ಇರಲಿಲ್ಲ.

ಆಮೇಲೆ ಕೆಲಸ ಸಿಕ್ಕಿತು. ಹೊಸ ಆಫೀಸಿನ ಮೀಟಿಂಗ್ ಒಂದರಲ್ಲಿ, ಹಿಂದಿನ ರಾತ್ರಿ ಕೇಳಿದ ಪ್ರಶ್ನೆಗೆ ಉತ್ತರ ಬಂತು. ನೆಟ್‌ವರ್ಕ್ ಸತ್ತಿತ್ತು, ಬೆಳಿಗ್ಗೆ ಎದ್ದಿತು. ಮೇಜಿನ ಮೇಲೆ ಫೋನ್ ಗುರ್ರೆಂದು ತಿರುಗಿತು. "ಅಷ್ಟು ಅರ್ಜೆಂಟಿದ್ದರೆ ಎಲ್ಲರಿಗೂ ಓದಿ ಹೇಳಿ" ಅಂದರು ಬಾಸ್. ಓದಿದೆ: "ಹೌದು, ವೊಂಬ್ಯಾಟ್ ಹಿಕ್ಕೆ ದಾಳದಂತೆ ಚೌಕವಾಗಿರುತ್ತದೆ." (ವೊಂಬ್ಯಾಟ್ ಅಂದರೆ ಆಸ್ಟ್ರೇಲಿಯಾದ ಒಂದು ಪ್ರಾಣಿ.) ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟ. ಮೀಟಿಂಗ್ ಮುಗಿದ ಮೇಲೆ ಬಾಸ್ ನನ್ನನ್ನು ಪಕ್ಕಕ್ಕೆ ಕರೆದರು. ಕೆಲಸ ಹೋಯಿತು ಅಂದುಕೊಂಡೆ. ಅವರು ದನಿ ತಗ್ಗಿಸಿ, "ಚೌಕ ಯಾಕ್ರೀ?" ಅಂದರು.

ಅದಕ್ಕೆ ಆಗ ಉತ್ತರ ಬರಲಿಲ್ಲ. ಕರುಳಿನ ಗೋಡೆ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ ಇರುವುದರಿಂದ ಮೂಲೆಗಳು ಮೂಡುತ್ತವೆ ಅಂತ ವಿಜ್ಞಾನಿಗಳು ವಿವರಿಸಿದ್ದು 2018ರಲ್ಲಿ. ಮರುವರ್ಷ ಅವರಿಗೆ ಇಗ್ ನೊಬೆಲ್ ಸಿಕ್ಕಿತು, ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ. ಅಷ್ಟು ಹೊತ್ತಿಗೆ ಬಾಸ್ ನಿವೃತ್ತರಾಗಿದ್ದರು. ನಾನು ಹೇಳಿ ಕಳಿಸಿದೆ. ಬಾಕಿ ಇಟ್ಟುಕೊಳ್ಳಬಾರದು, ಅಲ್ವಾ?

ನನ್ನ ಹೆಂಡತಿ ಬಹಳ ದಿನ ಈ ಆಟಕ್ಕೆ ಸೇರಲಿಲ್ಲ. ಪ್ರಶ್ನೆಗೆ ಇಷ್ಟು ಅಂತ ಕಾಸು ಕತ್ತರಿಸುತ್ತಿದ್ದರು, ಬಿಲ್ ನೋಡುತ್ತಿದ್ದವಳು ಅವಳೇ. ಒಂದು ಸಂಜೆ ಇದೇ ಬಿಲ್ಲಿನ ಬಗ್ಗೆ ಮಾತಿಗೆ ಮಾತು ಬೆಳೆದಿತ್ತು. ಅವಳು ಸಟ್ಟನೆ ನನ್ನ ಫೋನ್ ಕಸಿದುಕೊಂಡು ಏನೋ ಕಳಿಸಿದಳು. ಇಬ್ಬರೂ ಮಾತಿಲ್ಲದೆ ಕಾದೆವು. ಅವಳು ಕೇಳಿದ್ದು, ಚರಿತ್ರೆಯಲ್ಲಿ ಅತಿ ಚಿಕ್ಕ ಯುದ್ಧ ಯಾವುದು ಅಂತ. 1896ರ ಆಗಸ್ಟ್ 27ರಂದು ಬ್ರಿಟನ್ನಿಗೂ ಜಂಜಿಬಾರಿಗೂ ನಡೆದದ್ದು, ಸುಮಾರು ನಲವತ್ತು ನಿಮಿಷದಲ್ಲಿ ಮುಗಿಯಿತು ಅಂತ ಉತ್ತರ. ಅವಳು ಗೋಡೆ ಗಡಿಯಾರ ನೋಡಿದಳು. "ನಾವು ಆಗಲೇ ದಾಟಿದ್ದೀವಿ" ಅಂದಳು. ಜಗಳ ಅಲ್ಲಿಗೆ ನಿಂತಿತು. ಆ ಪ್ರಶ್ನೆಯ ಕಾಸನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಕಡೆ ಕೂತವರಿಗೂ ಹಾಸ್ಯಪ್ರಜ್ಞೆ ಇತ್ತು ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಭಾವ ನಮ್ಮ ಮನೆಯಲ್ಲಿ ಬೀಡುಬಿಟ್ಟು ಬಹಳ ದಿನವಾಗಿತ್ತು. ನಾನು ಸುಮ್ನೆ, "ನಮ್ಮ ಭಾವ ಯಾವಾಗ ವಾಪಸ್ ಹೋಗುತ್ತಾರೆ?" ಅಂತ ಕಳಿಸಿದೆ. ಎಂದೂ ಇಲ್ಲದಷ್ಟು ಹೊತ್ತು ಹಿಡಿಯಿತು. ಆಮೇಲೆ ಬಂತು: "ವಲಸೆ ಹಕ್ಕಿಗಳು ಆಹಾರ ಕಡಿಮೆಯಾದಾಗ ಜಾಗ ಬದಲಿಸುತ್ತವೆ." ಆ ಪುಣ್ಯಾತ್ಮ ಯಾರೋ, ಎಲ್ಲಿದ್ದಾರೋ. ಅವರ ಮನೆಯಲ್ಲೂ ಭಾವ ಇದ್ದಿರಬೇಕು.

ಇಂಥ ಸೇವೆಗಳೆಲ್ಲ ಆಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಚಾಚಾ 2016ರ ಕೊನೆಗೆ ನಿಂತಿತು. ಎಲ್ಲರ ಜೇಬಿನಲ್ಲೂ ಇಂಟರ್‌ನೆಟ್ ಬಂದ ಮೇಲೆ ಇನ್ನೊಬ್ಬರನ್ನು ಕೇಳುವವರು ಯಾರು? ಈಗ ಭಾವ ಬಾಯಿ ತೆರೆಯುವ ಮೊದಲೇ ಯಾರಾದರೂ ಹುಡುಕಿ ತೋರಿಸುತ್ತಾರೆ. ಪಣ ಕಟ್ಟಲು ಸಮಯವೇ ಸಿಗುವುದಿಲ್ಲ. ಅಕ್ಕನಿಗೆ ಪಕ್ಷ ಬದಲಿಸಲೂ ಆಗುವುದಿಲ್ಲ.

ನಿಲ್ಲುವ ಮೊದಲು ಆ ಸೇವೆಯನ್ನು ಸರಿಯಾಗಿ ಬಳಸಿಕೊಂಡವಳು ನಮ್ಮ ಮಗಳು. ಶಾಲೆಯಲ್ಲಿ "ಆಕಾಶ ಏಕೆ ನೀಲಿ?" ಅಂತ ಬರೆದು ತರಲು ಹೇಳಿದ್ದರು. ನನ್ನನ್ನಾಗಲಿ ಅವಳಮ್ಮನನ್ನಾಗಲಿ ಕೇಳಲಿಲ್ಲ. ನನ್ನ ಫೋನ್ ತೆಗೆದುಕೊಂಡು ಹೋಗಿ ದುಂಡಗಿನ ಅಕ್ಷರದಲ್ಲಿ ಬರೆದು ಮುಗಿಸಿದಳು. ವಾರ ಕಳೆದು ನೋಟ್‌ಬುಕ್ ಕೈಗೆ ಸಿಕ್ಕಿತು. ಅದರಲ್ಲಿ ಹೀಗಿತ್ತು: "ಸೂರ್ಯನ ಬೆಳಕು ಗಾಳಿಯ ಕಣಗಳಿಗೆ ತಾಗಿ ಚದುರುತ್ತದೆ. ಕೆಂಪಿಗಿಂತ ನೀಲಿ ಬೆಳಕು ಹೆಚ್ಚು ಚದುರುವುದರಿಂದ (1/2). ಕೇಳಿದ್ದಕ್ಕೆ ಧನ್ಯವಾದ! ಇನ್ನೊಂದು ಪ್ರಶ್ನೆ ಇದೆಯೇ?"

ಕೆಳಗೆ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಇದೆ. 2/2 ಎಲ್ಲಿ?"