ಕಪ್ಪಗಿದ್ದದ್ದೆಲ್ಲ ಬಯೋಚಾರ್ ಅಲ್ಲ

ರೈತರ ಯಾವ ವಾಟ್ಸಾಪ್ ಗ್ರೂಪ್ ತೆಗೆದರೂ ಈಗ ಬಯೋಚಾರ್ ಮಾತು. ಅಂದ್ರೆ ಕಡ್ಡಿ-ಕಸವನ್ನು ಗಾಳಿ ಕಮ್ಮಿ ಮಾಡಿ ಸುಟ್ಟು, ಮಣ್ಣಿಗೆ ಸೇರಿಸಲು ತಯಾರಿಸುವ ಇದ್ದಿಲು. ಇದ್ದಿಲು ಹಾಕಿ, ಗೊಬ್ಬರ ಮರೆತುಬಿಡಿ ಅಂತ. ನಾನೂ ನಂಬಿದೆ. ನಮ್ಮ ಮಲೆನಾಡಿನ ಹಿತ್ತಲಲ್ಲಿ ಒಂದು ಮೆಂತ್ಯದ ಮಡಿಗೆ ಗುಂಡಿಯಿಂದ ತೆಗೆದ ಇದ್ದಿಲನ್ನು ಕುಟ್ಟಿ ಹಾಗೇ ಸುರಿದೆ. ಹದಿನೈದು ದಿನಕ್ಕೆ ಮಡಿ ಹಳದಿ. ಪಕ್ಕದ ಸಗಣಿ ಗೊಬ್ಬರದ ಮಡಿ ಹಸಿರು. "ಒಲೆ ಬೂದಿ ಹಾಕಿದ್ರೂ ಇದಕ್ಕಿಂತ ಚೆನ್ನಾಗಿ ಬರ್ತಿತ್ತು" ಅಂದಳು ಅಮ್ಮ.

ಹೊಸ ಇದ್ದಿಲಿಗೆ ಹಸಿವು ಜಾಸ್ತಿ. ಮಣ್ಣಲ್ಲಿರುವ ಸಾರಜನಕವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಈಗ ಗಂಜಲ, ಸಗಣಿ ಸ್ಲರಿಯಲ್ಲಿ ಎರಡು ವಾರ ನೆನೆಸಿ, ಗೊಬ್ಬರದ ಜೊತೆ ಕಲಸಿಯೇ ಹಾಕುತ್ತೇನೆ. ಹಳೇ ಕಾಲದ ಜನ ಇದ್ದಿಲು ಬೆರೆಸಿ ಫಲವತ್ತಾದ ಅಮೆಜಾನ್ ಕಾಡಿನ ಕಪ್ಪು ಮಣ್ಣು ಟೆರ್ರಾ ಪ್ರೆಟಾದ ಕಥೆ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಇದ್ದಿಲಿನ ಜೊತೆ ಮೂಳೆ, ಅಡುಗೆ ಕಸವೂ ಇತ್ತು ಅನ್ನೋದನ್ನು ಮಾತ್ರ ನುಂಗಿಬಿಡುತ್ತಾರೆ!

ಸುಡುವುದೂ ಒಂದು ಕೈಚಳಕ. ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡಿ. ತಳದಲ್ಲಿ ಬೆಂಕಿ ಹಚ್ಚಿ, ಒಣಗಿದ ಗ್ಲಿರಿಸಿಡಿಯಾ (ಹಸಿರೆಲೆ ಗೊಬ್ಬರದ ಮರ), ಕಾಫಿ ಗಿಡ ಸವರಿದ ಕಡ್ಡಿ ಒಂದೊಂದೇ ಪದರ ಹಾಕುತ್ತಾ ಹೋಗಬೇಕು. ಕಡ್ಡಿಯ ಮೇಲೆ ಬಿಳಿ ಬೂದಿ ಕಂಡ ಕೂಡಲೇ ಮುಂದಿನ ಪದರ. ಮೇಲಿನ ಜ್ವಾಲೆ ಗಾಳಿಯನ್ನೆಲ್ಲ ಎಳೆದುಕೊಳ್ಳುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ದಟ್ಟ ಹೊಗೆ ಬಂತೋ, ಕಡ್ಡಿ ಹಸಿ ಇದೆ ಅಂತ ಲೆಕ್ಕ. ಗುಂಡಿ ತುಂಬಿದ ಮೇಲೆ ಚೆನ್ನಾಗಿ ನೀರು ಸುರಿದು ಆರಿಸಬೇಕು. 100 ಕೆಜಿ ಒಣ ಕಡ್ಡಿಗೆ 20-25 ಕೆಜಿ ಸಿಕ್ಕರೆ ನನಗೆ ಖುಷಿ.

ಲ್ಯಾಬಿಗೆ ಕಳಿಸಿದರೆ ಇಂಗಾಲ, ಬೂದಿ, ಪಿಎಚ್ (ಹುಳಿ-ಕ್ಷಾರದ ಅಳತೆ) ಎಲ್ಲ ಹೇಳುತ್ತಾರೆ. ಮನೆಯಲ್ಲಿ ನಾನು ಒಂದು ತುಂಡು ಮುರಿದು ನೋಡುತ್ತೇನೆ. ಚೆನ್ನಾಗಿ ಬೆಂದದ್ದು ಟಣ್ ಅನ್ನುತ್ತೆ. ಕೈಗೆ ಹತ್ತಿದ ಮಸಿ ಬರೀ ನೀರಿಗೆ ಹೋಗಬೇಕು. ಜಿಡ್ಡು ಜಿಡ್ಡಾಗಿ ಸೋಪು ಬೇಡಿದರೆ ಕಾವು ಸಾಲಲಿಲ್ಲ, ಡಾಂಬರಿನಂಥ ಅಂಶ ಉಳಿದಿದೆ. ಅದು ಮತ್ತೆ ಗುಂಡಿಗೇ. ಆಮೇಲೆ ಎರಡು ಕುಂಡದಲ್ಲಿ ಮೆಂತ್ಯ ಹಾಕುತ್ತೇನೆ, ಒಂದಕ್ಕೆ ಮಾತ್ರ ಇದ್ದಿಲು. ಮೊಳಕೆ ನೋಡದೆ ತೋಟಕ್ಕೆ ಇಳಿಸುವುದಿಲ್ಲ.

ಇಷ್ಟಾದರೂ ಎಲ್ಲ ಹೊಲಕ್ಕೂ ಇದು ಆಗಿಬರಲ್ಲ. ನಮ್ಮದು ಮಳೆಗೆ ಸುಣ್ಣ ತೊಳೆದುಹೋದ ಹುಳಿ ಮಣ್ಣು. ಇದ್ದಿಲು ಸಾಮಾನ್ಯವಾಗಿ ಕ್ಷಾರದ ಕಡೆ ಇರುವುದರಿಂದ ಇಲ್ಲಿ ಹೊಂದುತ್ತದೆ. ವಿಜಯಪುರದ ಎರೆ ಹೊಲದ ಪಿಎಚ್ ಮೊದಲೇ 8 ದಾಟಿರುತ್ತೆ, ಅಂದ್ರೆ ಅದೇ ಕ್ಷಾರ, ಅಲ್ವಾ? ಅಲ್ಲಿನ ಗೆಳೆಯ ಹೋದ ವಾರ ಫೋನ್ ಮಾಡಿ ಹತ್ತು ಚೀಲ ಕೇಳಿದ. ಮೊದಲು ಮಣ್ಣು ಪರೀಕ್ಷೆ ಕಾರ್ಡ್ ಕಳಿಸು ಅಂದೆ. ಸಿಟ್ಟಾಗಿದ್ದಾನೆ, ಕಾರ್ಡ್ ಇನ್ನೂ ಬಂದಿಲ್ಲ.