ಏಕವಚನದ ಲೇಖಕರು

ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಪುಸ್ತಕ ಬರೆದವರ ಹೆಸರನ್ನು ಯಾರು ನೋಡುತ್ತಾರೆ? ಲೈಬ್ರರಿಯವರಿಗೆ ಜೋಡಿಸಿಡಲು ಅನುಕೂಲವಾಗಲಿ ಅಂತ ಹೆಸರು ಹಾಕುತ್ತಾರೆ ಎಂದೇ ನಾನು ತಿಳಿದಿದ್ದೆ. ಮೊದಲ ಸಲ ಹೆಸರು ಹುಡುಕಿದ್ದು ಜಗಳವಾಡಲು. ‘ದಿ ಔಟ್‌ಸೈಡರ್ಸ್’ ಎಂಬ ಅಮೆರಿಕದ ಕಾದಂಬರಿ ಓದಿ ಮುಗಿಸಿದ್ದೆ. ಜಾನಿ ಎಂಬ ಪಾಪದ ಹುಡುಗ ಸತ್ತುಹೋಗಿದ್ದ. ಸಾಯಿಸಿದವನು ಯಾರು ಅಂತ ಮುಖಪುಟ ತಿರುಗಿಸಿದರೆ, ಎಸ್. ಇ. ಹಿಂಟನ್.

ಗಂಡಸು ಅಂತಲೇ ನಂಬಿದೆ. ಪುಸ್ತಕದ ತುಂಬ ಹುಡುಗರ ಗುಂಪುಗಳ ಹೊಡೆದಾಟ, ಎಣ್ಣೆ ಸವರಿದ ಉದ್ದ ಕೂದಲು, ಅಣ್ಣತಮ್ಮಂದಿರ ಕೂಗಾಟ. ಇಷ್ಟೆಲ್ಲ ಗೊತ್ತಿರಬೇಕಾದರೆ ನಾಲ್ಕು ಏಟು ತಿಂದವನೇ ಇರಬೇಕು, ಅಲ್ವಾ? ‘ಉಳಿಸಬಹುದಿತ್ತಲ್ಲೋ ಅವನನ್ನ’ ಅಂತ ಮನಸ್ಸಿನಲ್ಲೇ ಬೈದೆ. ಏಕವಚನದಲ್ಲೇ. ಪಠ್ಯಪುಸ್ತಕದ ಕವಿಗಳೆಲ್ಲ ‘ಅವರು’. ಜನ್ಮಸ್ಥಳ, ಬಿರುದು, ಪ್ರಶಸ್ತಿ ಎಲ್ಲ ಇದ್ದವರು. ಈ ಹಿಂಟನ್ ಮಾತ್ರ ‘ಅವನು’.

ಎಷ್ಟೋ ದಿನಗಳ ಮೇಲೆ ಗೊತ್ತಾಯಿತು, ಅವನು ಅವನಲ್ಲ, ಸೂಸನ್ ಎಲೋಯಿಸ್ ಹಿಂಟನ್ ಎಂಬ ಹುಡುಗಿ. ಬರೆಯಲು ಶುರು ಮಾಡಿದಾಗ 15 ವರ್ಷ, 1967ರಲ್ಲಿ ಪುಸ್ತಕ ಹೊರಬಂದಾಗ 18. ಹೆಣ್ಣಿನ ಹೆಸರು ಕಂಡರೆ ವಿಮರ್ಶಕರು ಮೂಗು ಮುರಿಯಬಹುದು ಅಂತ ಪ್ರಕಾಶಕರೇ ಇನಿಷಿಯಲ್ ಹಾಕಿಸಿದರಂತೆ. ಅದನ್ನು ಬರೆಯುತ್ತಿದ್ದ ವರ್ಷ ಶಾಲೆಯ ಕ್ರಿಯೇಟಿವ್ ರೈಟಿಂಗ್ ತರಗತಿಯಲ್ಲಿ ಅವಳಿಗೆ ಸಿಕ್ಕಿದ್ದು ‘ಡಿ’ ಗ್ರೇಡಂತೆ! ಪ್ರಬಂಧಕ್ಕೆ ನನಗೆ ಬೀಳುತ್ತಿದ್ದ ಅಂಕಗಳ ದುಃಖ ಅವತ್ತೇ ಅರ್ಧ ಇಳಿಯಿತು. ‘ಅವನು’ ‘ಅವಳು’ ಆದದ್ದು ಸರಿ. ಏಕವಚನ ಮಾತ್ರ ಹಾಗೇ ಉಳಿಯಿತು.

ಇಂಗ್ಲೆಂಡಿನ ಲೇಖಕಿ ಸ್ಯೂ ಟೌನ್‌ಸೆಂಡ್ ಕೂಡ ಹುಡುಗನ ದನಿಯಲ್ಲಿ ಬರೆದು ಹೀಗೇ ಮೋಸ ಮಾಡಿದವಳು. ಅವಳ ಕತೆಯ ಹುಡುಗ ಏಡ್ರಿಯನ್ ಮೋಲ್‌ಗೆ 13 ಮುಕ್ಕಾಲು ವರ್ಷ. ಆ ಮುಕ್ಕಾಲು ಇದೆಯಲ್ಲ, ಅದು ಆ ವಯಸ್ಸಿನವರಿಗೆ ಮಾತ್ರ ಮುಖ್ಯವಾದ ಲೆಕ್ಕ. ಹೊಸ ವರ್ಷದ ಮೊದಲ ದಿನವೇ ಗದ್ದದ ಮೇಲೆ ಮೊಡವೆ ಎದ್ದಿತು ಅಂತ ಗೋಳಾಡುವ ಅವನ ಡೈರಿ ಅದು. 1982ರಲ್ಲಿ ಅದು ಪುಸ್ತಕವಾದಾಗ ಟೌನ್‌ಸೆಂಡ್‌ಗೆ 36. ಮಕ್ಕಳೊಂದಿಗಳು. ಅಷ್ಟು ವಯಸ್ಸಾದ ಮೇಲೂ ಮೊಡವೆಯ ಅವಮಾನ ಒಬ್ಬರಿಗೆ ನೆನಪಿರುತ್ತದೆ ಎಂದರೆ ದೊಡ್ಡವರ ಬಗ್ಗೆ ಸ್ವಲ್ಪ ಭರವಸೆ ಇಟ್ಟುಕೊಳ್ಳಬಹುದು ಅನ್ನಿಸಿತ್ತು.

ಹದಿಹರೆಯದ ಕತೆಗಳನ್ನು ಬರೆದ ಅಮೆರಿಕದ ಲೇಖಕಿ ಜೂಡಿ ಬ್ಲೂಮ್‌ಗೆ ಮಕ್ಕಳು ಸಾವಿರಗಟ್ಟಲೆ ಕಾಗದ ಬರೆದರು. ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಬರೆದರು. ಅವುಗಳಲ್ಲಿ ಕೆಲವು 1986ರಲ್ಲಿ ಒಂದು ಪುಸ್ತಕವೇ ಆದವು. ನಾನು ಬರೆಯಲಿಲ್ಲ. ಆದರೆ ನನ್ನ ಕೈಗೆ ಬಂದ ಅವಳದೊಂದು ಪುಸ್ತಕದ ಲೈಬ್ರರಿ ಪ್ರತಿಯ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ, ತೀರ ಸಣ್ಣಗೆ, ‘ನನಗೂ’ ಅಂತ ಬರೆದಿದ್ದರು. ಅಕ್ಕಪಕ್ಕ ನೋಡಿ, ಅದರ ಕೆಳಗೆ ನಾನೂ ‘ನನಗೂ’ ಅಂತ ಬರೆದು ಪುಸ್ತಕ ವಾಪಸ್ ಕೊಟ್ಟೆ. ಆಮೇಲೆ ಮೂರನೆಯ ‘ನನಗೂ’ ಬಿತ್ತೋ ಇಲ್ಲವೋ ನೋಡಬೇಕೆಂಬ ಆಸೆ ಇನ್ನೂ ಇದೆ.

ಹೆದರಿಸಿದವನು ಅಂದರೆ ರಾಬರ್ಟ್ ಕಾರ್ಮಿಯರ್. ಅವನ ಮಗ ಶಾಲೆಗೆ ಹಣ ಕೂಡಿಸಲು ಚಾಕೊಲೇಟ್ ಮಾರುವುದಕ್ಕೆ ಒಪ್ಪದೆ ಅಷ್ಟನ್ನೂ ಹಿಂದಿರುಗಿಸಿದ. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ? ಅಪ್ಪ ಅಷ್ಟನ್ನೇ ಹಿಡಿದು ಕೂತು 1974ರಲ್ಲಿ ‘ದಿ ಚಾಕೊಲೇಟ್ ವಾರ್’ ಬರೆದ. ಅದರಲ್ಲಿ ಮಾರಲ್ಲ ಅಂದ ಹುಡುಗ ಎಲ್ಲರೆದುರು ಏಟು ತಿಂದು ಬೀಳುತ್ತಾನೆ. ಹೊಡೆಸಿದವರು ಆರಾಮಾಗಿರುತ್ತಾರೆ. ಕತೆ ಅಷ್ಟಕ್ಕೇ ಮುಗಿಯಿತು. ಒಳ್ಳೆಯವರು ಗೆಲ್ಲುವ ಪುಟ ಹರಿದುಹೋಗಿರಬೇಕು ಅಂತ ಬೈಂಡಿಂಗಿನ ಸಂದಿಯಲ್ಲಿ ಬೆರಳಾಡಿಸಿ ನೋಡಿದ್ದೆ. ಹರಿದ ಗುರುತಿರಲಿಲ್ಲ. ಅಲ್ಲಿಯವರೆಗೆ ಯಾವ ಲೇಖಕನೂ ನನಗೆ ಹೀಗೆ ಸುಳ್ಳು ಹೇಳದೆ ಬಿಟ್ಟಿರಲಿಲ್ಲ.

ಓದಿದ ಮೇಲೆ ಬರೆದವನು ನಮ್ಮ ಗೆಳೆಯನಾಗಿದ್ದರೆ, ಬೇಕೆನಿಸಿದಾಗ ಫೋನ್ ಮಾಡುವಂತಿದ್ದರೆ ಎಷ್ಟು ಚೆನ್ನ, ಅಂಥ ಪುಸ್ತಕವೇ ತನಗಿಷ್ಟ ಅನ್ನುತ್ತಾನೆ ‘ದಿ ಕ್ಯಾಚರ್ ಇನ್ ದ ರೈ’ ಕಾದಂಬರಿಯ ಹುಡುಗ ಹೋಲ್ಡನ್. ಅವನಿಂದ ಈ ಮಾತು ಆಡಿಸಿದ ಸ್ಯಾಲಿಂಜರ್, 1953ರಲ್ಲಿ ದೂರದ ಸಣ್ಣ ಊರು ಸೇರಿದವರು ಬರಬರುತ್ತ ಓದುಗರಿಂದ ದೂರವೇ ಉಳಿದರು. ನೋಡಿ, ಅವರಿಗೆ ತಂತಾನೇ ಬಹುವಚನ ಬಂತು.

ಕಾರ್ಮಿಯರ್ ಮಾಡಿದ್ದೇ ಬೇರೆ. 1977ರ ‘ಐ ಆ್ಯಮ್ ದ ಚೀಸ್’ ಕಾದಂಬರಿಯಲ್ಲಿ ಹುಡುಗನೊಬ್ಬ ಗೆಳತಿ ಆಮಿಗೆ ಫೋನ್ ಮಾಡುತ್ತಾನೆ. ಅಲ್ಲಿ ಅಚ್ಚಾಗಿರುವ ನಂಬರು ಲೇಖಕನ ಸ್ವಂತ ಮನೆಯದ್ದು! ಓದಿದ ಮಕ್ಕಳು ಸುಮ್ನೆ ಇರುತ್ತಾರಾ? ನಂಬರು ತಿರುಗಿಸಿದರು. ಅವನು ಫೋನ್ ಎತ್ತಿದ, ಮಾತಾಡಿದ. ಒಂದೆರಡು ದಿನವಲ್ಲ, ವರ್ಷಗಟ್ಟಲೆ. ಅತಿ ಕಠೋರ ಕತೆ ಬರೆದವನೇ ಹೀಗೆ ಮಾಡಿದ್ದು ನನಗೆ ವಿಚಿತ್ರ ಅನ್ನಿಸುವುದಿಲ್ಲ. ಅಷ್ಟು ಹೆದರಿಸಿದ ಮೇಲೆ ಸಮಾಧಾನ ಮಾಡಲು ಮನೆಯಲ್ಲಿ ಒಬ್ಬರಾದರೂ ಇರಬೇಕಲ್ಲ.

ನನಗೆ ಈ ವಿಷಯ ತಿಳಿಯುವ ಹೊತ್ತಿಗೆ ಅವನು ಇರಲಿಲ್ಲ. 2000ದಲ್ಲೇ ತೀರಿಕೊಂಡಿದ್ದ. ಮೊನ್ನೆ ಪುಸ್ತಕ ತೆಗೆದು ಆ ಪುಟಕ್ಕೆ ಬಂದಾಗ ಮೊಬೈಲು ಪಕ್ಕದಲ್ಲೇ ಇತ್ತು. ಆ ಕಾಲದಲ್ಲಿ ತಿಳಿದಿದ್ದರೂ ಮಾಡುತ್ತಿದ್ದೆನಾ? ಮಾಡಿ, ಆ ಕಡೆಯಿಂದ ನಿಜವಾದ ಒಂದು ಧ್ವನಿ ಹಲೋ ಅಂದಿದ್ದರೆ, ಇಷ್ಟು ವರ್ಷ ಏಕವಚನದಲ್ಲಿ ಜಗಳವಾಡಿದವನ ಹತ್ತಿರ ಏನಂತ ಶುರು ಮಾಡಬೇಕಿತ್ತು, ‘ನೀನು’ ಅಂತಲೋ ‘ನೀವು’ ಅಂತಲೋ?